ಬುದ್ಧಿವಂತ ಎಂಬ ಬೈಗುಳ

ಡೀಟ್ರಿಶ್ ಫಿಶರ್-ಡೀಸ್ಕಾವ್ ಹೆಸರೆತ್ತಿದರೆ ಸಾಕು, ಬಲ್ಲವರ ಬಾಯಲ್ಲಿ ತೀರ್ಪು ಸಿದ್ಧ: ‘ಬಹಳ ಬುದ್ಧಿವಂತ ಗಾಯಕ.’ ಶಾಲು ಹೊದಿಸಿ ಹೊಡೆಯುವ ರೀತಿ ಇದು. ಹಾಡುವ ಬದಲು ಪಾಠ ಹೇಳುತ್ತಾನೆ, ಪದಪದಕ್ಕೂ ಟಿಪ್ಪಣಿ ಹಚ್ಚುತ್ತಾನೆ ಎಂಬುದು ತಾತ್ಪರ್ಯ. ಮೊನ್ನೆ ಗೆಳೆಯರೊಬ್ಬರ ಮನೆಯಲ್ಲಿ ಅದೇ ಮಾತು ಮತ್ತೆ ಕಿವಿಗೆ ಬಿತ್ತು. ಅತಿಥಿಯಾಗಿ ಹೋದವನು, ಸುಮ್ಮನಿದ್ದೆ.

ತೀರ್ಪಿನ ತವರು ಪ್ಯಾರಿಸ್. 1972ರಲ್ಲಿ ವಿಮರ್ಶಕ ರೋಲಾಂಡ್ ಬಾರ್ತ್ ‘ಕಂಠದ ತರಿ’ಯ ಬಗ್ಗೆ ಬರೆದ. ಗಾಯಕ ಶಾರ್ಲ್ ಪಾಂಜೆರಾನ ಹಾಡಿನಲ್ಲಿ ನಾಲಗೆ, ಹಲ್ಲು, ಗಂಟಲು ಎಲ್ಲ ಇವೆ. ಫಿಶರ್-ಡೀಸ್ಕಾವ್‌ನಲ್ಲಿ ಇರುವುದು ಬರೀ ಉಸಿರು ಎಂದ. ಪಾಂಜೆರಾ ದೊಡ್ಡವನೇ, ಸಂಗೀತಗಾರ ಫೋರೆ ತನ್ನ ಕೊನೆಯ ಗೀತಗುಚ್ಛವನ್ನು ಅವನಿಗೇ ಅರ್ಪಿಸಿದ. ಆದರೆ ಬಾರ್ತ್ ಹಾಡು ಕಲಿತದ್ದೂ ಈ ಪಾಂಜೆರಾನ ಬಳಿಯೇ. ಗುರುಭಕ್ತಿಗೆ ಸಿದ್ಧಾಂತದ ಅಂಗಿ ತೊಡಿಸಿದರೆ ಅದು ಐವತ್ತು ವರ್ಷ ಬಾಳುತ್ತದೆ ಎಂದು ಯಾರಿಗೆ ಗೊತ್ತಿತ್ತು!

ದೇಹವಿಲ್ಲದ ಕಂಠವಂತೆ. ಆ ದೇಹ ಎಲ್ಲೆಲ್ಲಿ ಅಲೆದಿತ್ತು ಎಂದು ನೋಡೋಣ. ಹುಟ್ಟಿದ್ದು 1925ರ ಬರ್ಲಿನ್‌ನಲ್ಲಿ. ಅಂಗವಿಕಲ ಸಹೋದರ ಮಾರ್ಟಿನ್‌ನನ್ನು ನಾಜಿಗಳು ಸಂಸ್ಥೆಯೊಂದಕ್ಕೆ ಒಯ್ದು ಹಸಿವಿನಿಂದ ಕೊಂದರು. 17ನೆಯ ವಯಸ್ಸಿನಲ್ಲಿ ಮೊದಲ ಸಲ ಶೂಬರ್ಟ್‌ನ ಚಳಿಗಾಲದ ಪಯಣದ ಗೀತಗುಚ್ಛ ‘ವಿಂಟರ್‌ರೈಸೆ’ ಹಾಡುತ್ತಿದ್ದಾಗ ಬಾಂಬು ಬಿದ್ದು ಕಛೇರಿಗೆ ನಡುವೆ ತಡೆ ಬಿತ್ತು. ಆಮೇಲೆ ರಷ್ಯದ ರಣರಂಗದಲ್ಲಿ ಕುದುರೆ ಚಾಕರಿ, ಇಟಲಿಯಲ್ಲಿ ಸೆರೆ, ಅಮೆರಿಕನ್ನರ ಶಿಬಿರದಲ್ಲಿ ಎರಡು ವರ್ಷ. ಊರಿನ ನೆನಪಲ್ಲಿ ಕೊರಗುತ್ತಿದ್ದ ಸೈನಿಕರ ನಡುವೆ ಅವನು ಶೂಬರ್ಟ್ ಹಾಡಿದ. 1948ರಲ್ಲಿ ಬರ್ಲಿನ್ ರೇಡಿಯೋಗೆ ‘ವಿಂಟರ್‌ರೈಸೆ’, ಅದೇ ವರ್ಷ ಅಲ್ಲಿನ ಆಪೆರಾದಲ್ಲಿ ವೆರ್ಡಿಯ ಪೋಸಾ ಪಾತ್ರ.

ನಾಜಿಗಳ ಹನ್ನೆರಡು ವರ್ಷ ಧ್ವನಿವರ್ಧಕಗಳಲ್ಲಿ ಅರಚಿ ಅರಚಿ ಜರ್ಮನ್ ಭಾಷೆಯ ಬಾಯಿ ಹುಳಿತಿತ್ತು. ಗೋಯೆಥೆಯ ಪದಗಳನ್ನು ಮತ್ತೆ ನಾಲಗೆಯ ಮೇಲಿಡಬೇಕಾದರೆ ಒಂದೊಂದನ್ನೂ ತೊಳೆದು, ಒರೆಸಿ, ಬೆಳಕಿಗೆ ಹಿಡಿದು ನೋಡಬೇಕಿತ್ತು. ಅದನ್ನು ‘ಅತಿ ಉಚ್ಚಾರಣೆ’ ಎನ್ನುವವರಿಗೆ ಭಾಷೆಯೊಂದು ಮೈಲಿಗೆಯಾಗುವುದು ಹೇಗೆಂದು ಗೊತ್ತಿಲ್ಲ.

‘ಎರ್ಲ್‌ಕೋನಿಗ್’ ಕೇಳಿ. ಗೋಯೆಥೆಯ ಆ ಕವಿತೆಗೆ ರಾಗ ಕಟ್ಟಿದಾಗ ಶೂಬರ್ಟ್ 18ರ ಹುಡುಗ. ನಿರೂಪಕ, ತಂದೆ, ಮಗು, ಮಗುವನ್ನು ಸೆಳೆಯುವ ಮಾಯಾವಿ ರಾಜ, ನಾಲ್ವರೂ ಒಂದೇ ಗಂಟಲಲ್ಲಿ ಬರಬೇಕು. ಅನೇಕರು ಆ ರಾಜನನ್ನು ಭೂತ ಮಾಡುತ್ತಾರೆ. ನಮ್ಮವನು ಅವನನ್ನು ಸಿಹಿ ಮಾಡುತ್ತಾನೆ, ದನಿ ಇಳಿಸಿ, ಕೆನ್ನೆ ಸವರುವಂತೆ. ಎಳೆಯರನ್ನು ಸಾವಿನ ಕಡೆಗೆ ಎಷ್ಟು ಮುದ್ದಿನಿಂದ ಕರೆಯುತ್ತಾರೆಂದು ಆ ತಲೆಮಾರಿಗೆ ಯಾರೂ ಕಲಿಸಬೇಕಿರಲಿಲ್ಲ. ಕೊನೆಯಲ್ಲಿ ಪಿಯಾನೋದ ಕುದುರೆ ಓಟ ನಿಲ್ಲುತ್ತದೆ. ಮಗು ಸತ್ತಿದೆ ಎಂಬ ಎರಡು ಪದಗಳನ್ನು ಅವನು ಹಾಡುವುದೂ ಇಲ್ಲ ಎನ್ನಬೇಕು, ಕೆಳಗಿಟ್ಟು ಬಿಡುತ್ತಾನೆ. ಇದರಲ್ಲಿ ತರಿ ಇಲ್ಲವೆ?

ಹಾನ್ಸ್ ಹಾಟರ್‌ನ ಅಭಿಮಾನಿಗಳು ಈಗ ಎದ್ದು ನಿಲ್ಲುತ್ತಾರೆ. ಒಪ್ಪಿದೆ, ಗುಹೆಯಂಥ ಕಂಠ. ಆದರೆ ಹಾಟರ್‌ನ ಚಳಿಗಾಲದ ಪಯಣಿಗ ಹೊರಡುವ ಮೊದಲೇ ಮುದಿ ಜ್ಞಾನಿ. ಪ್ರೀತಿ ಮುರಿದ ಹುಡುಗ ಎಲ್ಲಿ ಹೋದ?

1952ರ ಲಂಡನ್ ಧ್ವನಿಮುದ್ರಿಕೆಯೊಂದು ನನಗೆ ವಿಶೇಷ ಪ್ರಿಯ: ಫೂರ್ಟ್‌ವೆಂಗ್ಲರ್ ನಿರ್ದೇಶನ, ಫಿಲಾರ್ಮೋನಿಯಾ ವಾದ್ಯವೃಂದ, ಮಾಲರ್‌ನ ಅಲೆಮಾರಿಯ ಹಾಡುಗಳು, 27ರ ಗಾಯಕ. ಆ ವಾದ್ಯವೃಂದದ ಎಳವೆಯಲ್ಲಿ ಅದಕ್ಕೆ ಹಣದ ಆಸರೆಯಾಗಿ ನಿಂತವರು ನಮ್ಮ ಜಯಚಾಮರಾಜ ಒಡೆಯರು. ಅದರ ಕಛೇರಿ ಸಂಘಕ್ಕೆ ಮೊದಲ ಅಧ್ಯಕ್ಷರೂ ಅವರೇ. ಈ ಮುದ್ರಿಕೆಯಲ್ಲಿ ಮೈಸೂರಿನ ಹಂಗು ಕೊಂಚ ಇದೆ ಎಂದು ಹೆಮ್ಮೆಪಟ್ಟರೆ ತಪ್ಪಿಲ್ಲವಲ್ಲ?

ಆಪೆರಾದ ವಿಷಯಕ್ಕೆ ಬಂದರೆ ನಾನೂ ಸ್ವಲ್ಪ ತಡವರಿಸುತ್ತೇನೆ. 1954ರಿಂದ ಬೈರಾಯ್ಟ್‌ನಲ್ಲಿ ಹಾಡಿದ ವಾಗ್ನರ್‌ನ ವೋಲ್ಫ್ರಾಮ್ ಪಾತ್ರಕ್ಕೆ ಎರಡು ಮಾತಿಲ್ಲ. ಕುಬೆಲಿಕ್ ನಿರ್ದೇಶನದ ‘ರಿಗೊಲೆಟ್ಟೊ’ದಲ್ಲಿ ಮಾತ್ರ ಇಟಲಿಯ ಬಿಸಿಲು ಕಡಿಮೆ. ಬೇರೆಯವರು ಹಾಗೆ ಹಾಡಿದ್ದರೆ ಬಯ್ಯುತ್ತಿದ್ದೆ; ಇವನಾದ್ದರಿಂದ, ಯೋಚಿಸುವ ವಿದೂಷಕ ಎಂದು ಸಮಾಧಾನ ಹೇಳಿಕೊಂಡಿದ್ದೇನೆ. 1978ರಲ್ಲಿ ಮ್ಯೂನಿಕ್‌ನಲ್ಲಿ ಮೊದಲು ರಂಗಕ್ಕೆ ಬಂದ ರೈಮಾನ್‌ನ ‘ಲಿಯರ್’ನಲ್ಲಿ ಯಾವ ಸಮಾಧಾನವೂ ಬೇಕಿಲ್ಲ. ಅಲ್ಲಿ ಚಂದದ ದನಿಯನ್ನೇ ಅವನು ಬಿರುಗಾಳಿಗೆ ಬಿಸಾಡಿದ್ದಾನೆ.

ಬುದ್ಧಿ ಇದ್ದಲ್ಲಿ ಭಾವ ಇರದು ಎಂಬ ಗಣಿತವನ್ನು ಯಾರು ಶುರು ಮಾಡಿದರೋ. ಫ್ರೆಂಚರಿಗಷ್ಟೇ ಅಂಟಿದ ರೋಗವಲ್ಲ ಇದು. ಸಾಹಿತ್ಯ ಬಿಡಿಸಿ ಹೇಳಿದವನನ್ನು ನಾವು ‘ಸುಗಮ’ ಎಂದು ಪಕ್ಕಕ್ಕೆ ಕೂರಿಸಿ, ಅಕ್ಷರ ನುಂಗಿದವನನ್ನು ನಾದಯೋಗಿ ಎನ್ನುತ್ತೇವೆ. ಒರಟು ಕಂಠವೇ ನಿಜ, ಪಳಗಿದ ಕಂಠ ನಟನೆ ಎನ್ನುವವರಂತೂ ಹೆಚ್ಚಾಗಿ ಪಟ್ಟಣದವರು. ಹಳ್ಳಿಯಲ್ಲಿ ತತ್ವಪದ ಹಾಡುವವನು ಒಂದು ಪದ ತಪ್ಪಲಿ, ತಂಬೂರಿಯ ಪಕ್ಕದಲ್ಲಿ ಕೂತ ಅಜ್ಜ ಅಲ್ಲೇ ತಡೆದು ತಿದ್ದುತ್ತಾನೆ.

ಅಂದು ‘ಬುದ್ಧಿವಂತ’ ಎಂದವರೇ ಕಾಫಿ ಆದ ಮೇಲೆ ಎಲ್ಲರ ಒತ್ತಾಯಕ್ಕೆ ಒಂದು ದೇವರನಾಮ ಹಾಡಿದರು. ಕಂಠ ಚೆನ್ನಾಗಿತ್ತು, ಸುಳ್ಳೇಕೆ? ಆಟೋದಲ್ಲಿ ಮನೆ ಸೇರುವವರೆಗೂ ಅದರ ಅಂಕಿತ ಪುರಂದರವಿಠಲವೋ ವಿಜಯವಿಠಲವೋ ಎಂದು ಯೋಚಿಸುತ್ತಲೇ ಇದ್ದೆ.