ಕುಯ್ಲಿನ ಹಾಡು, ಮುಯ್ಯಿ ಲೆಕ್ಕ

ನಮ್ಮ ವಾಚನಾಲಯದಲ್ಲಿ ಈ ಸಲ ಮಳೆಗಾಲದ ಸಂಜೆಗಳಲ್ಲಿ ಒಂದು ಪುಸ್ತಕ ಓದಿಸಿದೆವು. ಆಫ್ರಿಕಾದ ಗಿನಿ ದೇಶದ ಕಮಾರಾ ಲಾಯೆ ಎಂಬುವರು ತಮ್ಮ ಬಾಲ್ಯದ ಬಗ್ಗೆ ಫ್ರೆಂಚ್ ಭಾಷೆಯಲ್ಲಿ ಬರೆದದ್ದು, 1953ರಲ್ಲಿ ಅಚ್ಚಾದದ್ದು. ಅದರ ಇಂಗ್ಲಿಷನ್ನು ನಮ್ಮ ಮೇಷ್ಟ್ರು ಓದಿ ಕನ್ನಡದಲ್ಲಿ ಹೇಳುತ್ತಾ ಹೋದರು. ನಾನು ಏಳನೇ ಕ್ಲಾಸಿನವನು, ಪುಸ್ತಕದ ತಪ್ಪು ಒಪ್ಪು ಹೇಳೋಕೆ ಎಷ್ಟರವನು? ಆದರೆ ಕುಯ್ಲಿನ ಅಧ್ಯಾಯ ಬಂದಾಗ ಸುಮ್ಮನೆ ಕೂರಲಾಗಲಿಲ್ಲ. ಕುಡುಗೋಲು ಹಿಡಿದವನು, ಹಾಡು ಹೇಳಿದವನು ನಾನೂ ಹೌದು.

ಹುಡುಗನ ಅಪ್ಪ ಕೂರೂಸಾ ಊರಿನ ಕಮ್ಮಾರ, ಚಿನ್ನದ ಕೆಲಸವನ್ನೂ ಮಾಡೋನು. ಹುಡುಗ ತಾಯಿಯ ತವರು ತಿಂಡಿಕಾನ್‌ಗೆ ಭತ್ತದ ಕುಯ್ಲಿಗೆ ಹೋಗುತ್ತಾನೆ. ಡೋಲು ಹೊಡೆಯುತ್ತಾರೆ, ಗಂಡಸರು ಸಾಲಾಗಿ ನಿಂತು ಕುಯ್ಯುತ್ತಾರೆ, ಒಬ್ಬರ ದನಿಗೆ ಒಬ್ಬರು ದನಿ ಕೂಡಿಸುತ್ತಾರೆ. ಸೋದರಮಾವ ಲನ್ಸಾನನ ಪಕ್ಕದಲ್ಲಿ ಹುಡುಗ ನಡೆಯುತ್ತಾನೆ. ಇಲ್ಲಿ ಲಾಯೆ ಬರೆದದ್ದು ಅಪ್ಪಟ ನಿಜ. ಹೊಲದಲ್ಲಿ ಹಾಡು ಶೋಕಿಗಲ್ಲ. ಚುರುಕಿನವನನ್ನು ತಡೆದು, ನಿಧಾನದವನನ್ನು ಎಳೆದು, ಸಾಲನ್ನು ಒಂದೇ ಸಮ ಇಡೋದೇ ಹಾಡಿನ ಕೆಲಸ.

ಈ ಪುಸ್ತಕವನ್ನು ಬೈದವರೂ ಇದ್ದಾರೆ. ಕ್ಯಾಮೆರೂನಿನ ಮೊಂಗೊ ಬೆಟಿ ಎಂಬ ಬರಹಗಾರರು, ಫ್ರೆಂಚರ ಆಳ್ವಿಕೆಯ ಕಷ್ಟ ಬಿಟ್ಟು ಬರೀ ಚೆಂದವನ್ನೇ ಬರೆದಿದ್ದಾರೆ ಅಂತ ಆಕ್ಷೇಪ ಮಾಡಿದರಂತೆ. ಆ ಮಾತಲ್ಲಿ ಹುರುಳಿದೆ. 1946ರವರೆಗೆ ಫ್ರೆಂಚರು ಆ ಸೀಮೆಯ ಜನರನ್ನು ರಸ್ತೆಗೆ, ತೋಟಕ್ಕೆ ಬಿಟ್ಟಿ ದುಡಿಮೆಗೆ ಹಿಡಿಯುತ್ತಿದ್ದರು. ಅಲ್ಲೂ ಜನ ಸಾಲಾಗಿಯೇ ನಿಂತಿದ್ದರು. ಆದರೆ ಆ ದುಡಿಮೆ ಯಾರ ಹೊಲಕ್ಕೂ ತಿರುಗಿ ಬರಲಿಲ್ಲ.

ಬೆಟಿಯವರ ದೂರು ಪೂರಾ ಒಪ್ಪಲಾರೆ. ಲಾಯೆ ಇದನ್ನು ಬರೆದದ್ದು ಫ್ರಾನ್ಸಿನಲ್ಲಿ, ಊರು ಬಿಟ್ಟು, ಕಾರು ಕಾರ್ಖಾನೆಯಲ್ಲಿ ದುಡಿದ ಕಾಲದಲ್ಲಿ. ಬೆಂಗಳೂರಿಗೆ ಕೂಲಿಗೆ ಹೋದ ನಮ್ಮ ಮಡಕಶಿರಾ ಸೀಮೆ ಹುಡುಗರು ಹಬ್ಬಕ್ಕೆ ಬಂದಾಗ ನನ್ನ ಕೈಲಿ ಸುಗ್ಗಿ ಹಾಡು ಹೇಳಿಸಿಕೊಂಡು ಕಣ್ಣು ಒರೆಸಿಕೊಳ್ಳುತ್ತಾರೆ. ಅದು ಸುಳ್ಳು ಅಂತ ಹೆಂಗೆ ಹೇಳಲಿ?

ನನ್ನ ಆಕ್ಷೇಪ ಬೇರೆ. ಆ ಅಧ್ಯಾಯದಲ್ಲಿ ಹಾಡಿದೆ, ಲೆಕ್ಕ ಇಲ್ಲ. ಕೂಡಿ ಮಾಡೋ ಕೆಲಸಕ್ಕೆ ಎಲ್ಲ ಕಡೆ ಲೆಕ್ಕ ಇದ್ದೇ ಇದೆ. ಕೀನ್ಯಾದ ಗಿಕುಯು ಜನ ಅದನ್ನು ಙ್ವಾಟಿಯೊ ಅಂತಾರೆ: ಇವತ್ತು ನನ್ನ ಹೊಲ, ನಾಳೆ ನಿನ್ನ ಹೊಲ. ದಕ್ಷಿಣ ಆಫ್ರಿಕಾದ ಖೋಸಾ ಜನರ ಇಲಿಮಾ, ಇಥಿಯೋಪಿಯದ ದೆಬೊ, ಇವುಗಳಲ್ಲಿ ಕರೆದವರು ಊಟ ಹಾಕಬೇಕು, ಮನೆಯಲ್ಲಿ ಕಾಸಿದ ಬಿಯರು ಕೊಡಬೇಕು. ಹಂಗಾದರೆ ಇಡೋಕೆ ಏನೂ ಇಲ್ಲದ ಮನೆಯವರು ಯಾರನ್ನು ಕರೀಬೇಕು?

ನನಗೆ ಇದು ಪುಸ್ತಕದ ಪ್ರಶ್ನೆ ಅಲ್ಲ. ನಾನು ಎಂಟನೇ ಕ್ಲಾಸಿಗೆ ಸೇರಬೇಕಾದ ವರ್ಷ ಅಪ್ಪ ಕಾಲು ಮುರಿದುಕೊಂಡು ಮಲಗಿದರು. ಮುಯ್ಯಾಳುಗಳು ಬಂದು ಉತ್ತು, ರಾಗಿ ಬಿತ್ತಿ ಕೊಟ್ಟರು. ಹದಿನಾಲ್ಕು ಆಳು. ಒಂದು ದಿನವೂ ನಮ್ಮನ್ನು ಕೇಳಲಿಲ್ಲ, ಆದರೆ ಅವ್ವ ಗೋಡೆ ಮೇಲೆ ಮಸಿಯಲ್ಲಿ ಹದಿನಾಲ್ಕು ಗೆರೆ ಎಳೆದಿದ್ದಳು. ಅವರ ಹೊಲಗಳಲ್ಲಿ ಕಳೆ ತೆಗೆದು, ಒಂದೊಂದೇ ಗೆರೆ ಅಳಿಸುತ್ತಾ ಬಂದೆವು. ಪೂರಾ ಅಳಿಸೋ ಹೊತ್ತಿಗೆ ಶಾಲೆಗೆ ಸೇರೋ ಕಾಲ ದಾಟಿತ್ತು. ನಾನು ಪದ ಕಲಿತದ್ದು ಆ ಸಾಲುಗಳಲ್ಲೇ.

ಲಾಯೆಯ ಹುಡುಗ ಶಾಲೆಯಿಂದ ಕುಯ್ಲಿಗೆ ಬಂದು ಮತ್ತೆ ಶಾಲೆಗೆ ಹೋದ. ಅದಕ್ಕೇ ಅವನಿಗೆ ಹಾಡು ಕೇಳಿಸಿತು, ಗೆರೆ ಕಾಣಲಿಲ್ಲ. ಇದೇ ಅಧ್ಯಾಯವನ್ನು ಸೋದರಮಾವ ಲನ್ಸಾನ ಬರೆದಿದ್ದರೆ ಎರಡೂ ಇರುತ್ತಿದ್ದವೋ ಏನೋ.

ಹಂಗಂತ ಮುಯ್ಯಿಯನ್ನು ಹಳಿಯಲಾರೆ. ಆ ವರ್ಷ ಅವರು ಬರದಿದ್ದರೆ ಬಡ್ಡಿ ಸಾಲ ಮಾಡಬೇಕಿತ್ತು, ಹೊಲವೇ ಹೋಗುತ್ತಿತ್ತು. ಮುಯ್ಯಿಗೆ ಬಡ್ಡಿ ಇಲ್ಲ, ಹದಿನಾಲ್ಕಕ್ಕೆ ಹದಿನಾಲ್ಕೇ. ಈ ಪುಸ್ತಕವನ್ನು ಎಲ್ಲರೂ ಓದಿ, ಓದಲು ಬಾರದವರು ಓದಿಸಿ ಕೇಳಿ. ಕುಯ್ಲಿನ ಅಧ್ಯಾಯ ಬಂದಾಗ ಮಾತ್ರ, ನಿಮ್ಮ ಮನೆ ಗೋಡೆ ಮೇಲೆ ಯಾರು ಗೆರೆ ಎಳೆದಿದ್ದರು, ಯಾರು ಅಳಿಸಿದರು ಅಂತ ಒಂದು ಸಲ ನೆನಪು ಮಾಡಿಕೊಳ್ಳಿ.