ಸೆರಗು ಕಳಚಿದ ಮೇಲಿನ ಸುಂದರಿ

ಅಹಮದಾಬಾದಿನ ರಾಯಖಡದಲ್ಲಿರುವ ಜಯಶಂಕರ ಸುಂದರಿ ನಾಟ್ಯಗೃಹದ ಹೆಸರನ್ನು ಕೇಳಿ, ಅದು ಯಾರೋ ನಟಿಯ ಹೆಸರೆಂದು ತಿಳಿದವರು ನಮ್ಮವರಲ್ಲಿ ಹಲವರಿದ್ದಾರೆ. ಅವರನ್ನು ತಪ್ಪೆನ್ನುವಂತಿಲ್ಲ. ಮುಂಬಯಿಯ ಪ್ರೇಕ್ಷಕರೂ ಒಂದು ಕಾಲಕ್ಕೆ ಹಾಗೆಯೇ ಮರುಳಾಗಿದ್ದರು.

ಜಯಶಂಕರ ಭೋಜಕರು ಹುಟ್ಟಿದ್ದು 1889ರಲ್ಲಿ, ಮೆಹಸಾಣಾ ಸೀಮೆಯ ವಿಸನಗರದಲ್ಲಿ. ಆಟಪಾಠದ ವಯಸ್ಸಿನಲ್ಲೇ ಕಲಕತ್ತೆಗೆ ಹೋಗಿ ಪಾರ್ಸಿ ಕಂಪನಿಯ ಉರ್ದು ನಾಟಕಗಳಲ್ಲಿ ಪಳಗಿದರು. 1901ರಲ್ಲಿ ಮುಂಬಯಿ ಗುಜರಾತಿ ನಾಟಕ ಮಂಡಳಿಯ 'ಸೌಭಾಗ್ಯ ಸುಂದರಿ'ಯಲ್ಲಿ ನಾಯಕಿಯಾದರು. ಪಾತ್ರದ ಹೆಸರೇ ಅವರಿಗೆ ಅಂಟಿಕೊಂಡಿತು. ಬಾಪುಲಾಲ ನಾಯಕರ ಜೋಡಿಯಾಗಿ ಹಾಡಿ ನಟಿಸಿದ ಈ 'ಸುಂದರಿ'ಯ ಉಡುಗೆ ನಡಿಗೆಗಳನ್ನು ಮನೆತನಸ್ಥ ಹೆಣ್ಣುಮಕ್ಕಳೇ ಅನುಕರಿಸುತ್ತಿದ್ದರಂತೆ.

ಅವರನ್ನು ಹೊಗಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ. ನನ್ನ ತಕರಾರು ಇರುವುದು ಇಲ್ಲಿಯೇ. ಗಂಡಸೊಬ್ಬ ಹೆಣ್ಣಾಗಿ ಕಂಡದ್ದು ಸೋಜಿಗ, ನಿಜ. ಆದರೆ ಸೋಜಿಗವೇ ಕಲೆಯ ಅಳತೆಯಲ್ಲ. ಹೆಣ್ಣು ರಂಗಕ್ಕೆ ಬಂದ ದಿನ ಆ ಸೋಜಿಗದ ಬೆಲೆ ಇಳಿಯುತ್ತದೆ; ಆಗ ನಟನಲ್ಲಿ ಉಳಿಯುವುದೇನು?

ಸುಂದರಿಯವರು 1932ರಲ್ಲಿ ರಂಗದಿಂದ ನಿವೃತ್ತರಾಗಿ ಊರು ಸೇರಿದರು. 1948ರಲ್ಲಿ ಅಹಮದಾಬಾದಿಗೆ ಬಂದು ರಮಣಭಾಯಿ ನೀಲಕಂಠರ 'ರಾಈನೋ ಪರ್ವತ'ವನ್ನು ನಿರ್ದೇಶಿಸಿದರು. ಮುಂದೆ ರಸಿಕಲಾಲ ಪರೀಖರ 'ಮೇನಾ ಗುರ್ಜರಿ' ಅವರ ಕೈಯಲ್ಲಿ ರಂಗಕ್ಕೆ ಬಂತು. ಅದರಲ್ಲಿ ಭವಾಯಿಯ ಜನಪದ ಸೊಗಡಿತ್ತು. ನಾಯಕಿಯಾಗಿ ದೀನಾ ಗಾಂಧಿ, ಅಂದರೆ ಮುಂದಿನ ದೀನಾ ಪಾಠಕ್ ಇದ್ದರು. ಹೆಣ್ಣಾಗಿ ಮೂವತ್ತು ವರ್ಷ ಮೆರೆದವನು ಆ ಸ್ಥಾನವನ್ನು ಹೆಣ್ಣಿಗೇ ಬಿಟ್ಟುಕೊಟ್ಟು, ತನ್ನ ವಿದ್ಯೆಯನ್ನು ಧಾರೆಯೆರೆದನು. ನನಗೆ ದೊಡ್ಡದಾಗಿ ಕಾಣುವುದು ಈ ಸುಂದರಿ. 1971ರ ಪದ್ಮಭೂಷಣ ಇವರಿಗೂ ಸಂದದ್ದೆಂದು ಭಾವಿಸುತ್ತೇನೆ.

ನಮ್ಮ ಏಣಗಿ ಬಾಳಪ್ಪನವರೂ ಎಳವೆಯಲ್ಲಿ ಸ್ತ್ರೀಪಾತ್ರ ಮಾಡಿ, ಮುಂದೆ ಬಸವಣ್ಣನಾಗಿ ನಾಡಿನ ಮನಸ್ಸಿನಲ್ಲಿ ನಿಂತವರು. ಹೆಸರು ತಂದ ವೇಷವನ್ನು ದಾಟಿ ಬಾಳುವುದು ಇಬ್ಬರಿಗೂ ಸಾಧಿಸಿತು.

1975ರಲ್ಲಿ ತೀರಿಕೊಂಡ ಸುಂದರಿಯವರ ಆತ್ಮಕಥೆಯ ಹೆಸರು 'ಥೋಡಾಂ ಆಂಸು, ಥೋಡಾಂ ಫೂಲ್': ಒಂದಿಷ್ಟು ಕಣ್ಣೀರು, ಒಂದಿಷ್ಟು ಹೂವು. ನಮ್ಮ ಮಕ್ಕಳು ಗುಜರಾತಿಯನ್ನು ಸಲೀಸಾಗಿ ಓದುತ್ತಾರೆ. ಅವರಿಂದ ಓದಿಸಿ ಕೇಳೋಣ. ಅನ್ನ ಕೊಟ್ಟ ನೆಲದ ಕಲಾವಿದನಿಗೆ ಅಷ್ಟಾದರೂ ಋಣ ಸಲ್ಲಲಿ.