ಕಲ್ಲುಕುಟಿಗರ ಮಕ್ಕಳು, ವಸತಿಶಾಲೆಯ ಮಕ್ಕಳು



ಮಠದ ಮಾಸಪತ್ರಿಕೆಯಲ್ಲಿ ಚಲನಚಿತ್ರದ ವಿಮರ್ಶೆಯೇ ಎಂದು ತಮ್ಮಲ್ಲಿ ಕೆಲವರಾದರೂ ಹುಬ್ಬೇರಿಸುವಿರಿ. ಸಿರಿಗೆರೆಯ ಲಿಂಗೈಕ್ಯ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳವರು ಸ್ವತಃ ನಾಟಕಗಳನ್ನು ರಚಿಸಿ ಆಡಿಸಿದವರು. ಸಾಣೇಹಳ್ಳಿಯ ಶಿವಸಂಚಾರವು 1997ರಿಂದ ನಾಡಿನ ಊರೂರುಗಳಿಗೆ ನಾಟಕಗಳನ್ನು ಕೊಂಡೊಯ್ಯುತ್ತ ಬಂದಿದೆ. ರಂಗಭೂಮಿಗೆ ಸಲ್ಲುವ ವಿಚಾರ ಬೆಳ್ಳಿತೆರೆಗೆ ಸಲ್ಲದಿರಲು ಕಾರಣವಿಲ್ಲ. ಅಲ್ಲದೆ ಇಲ್ಲಿ ಎತ್ತಿಕೊಂಡ ಕಥೆ ಶಾಲೆ ಮತ್ತು ವಿದ್ಯಾರ್ಥಿನಿಲಯಗಳಿಗೆ ಸೇರಿದ್ದು. ತಮ್ಮಲ್ಲಿ ಬಹುಮಂದಿ ಅಂತಹ ನಿಲಯಗಳ ಪ್ರಸಾದ ಸ್ವೀಕರಿಸಿ ಬೆಳೆದವರಲ್ಲವೇ?

ಮನ್ಸೂರ್ ಖಾನರ ನಿರ್ದೇಶನದಲ್ಲಿ 1992ರಲ್ಲಿ ಹೊರಬಂದ ‘ಜೋ ಜೀತಾ ವೊಹಿ ಸಿಕಂದರ್’ ಎಂಬ ಹಿಂದಿ ಚಿತ್ರವನ್ನು ತಮ್ಮಲ್ಲಿ ನಡುವಯಸ್ಸಿನವರು ನೋಡಿರುವಿರಿ. ಕಥೆ ನಡೆಯುವುದು ಡೆಹರಾಡೂನಿನಲ್ಲಿ. ಸಿರಿವಂತರ ಮಕ್ಕಳು ಓದುವ ರಾಜಪೂತ್ ಕಾಲೇಜು ಒಂದು ಕಡೆ, ಊರವರ ಮಕ್ಕಳು ಓದುವ ಮಾಡೆಲ್ ಕಾಲೇಜು ಇನ್ನೊಂದು ಕಡೆ. ಊರ ಹುಡುಗರಿಗೆ ‘ಪೈಜಾಮಾ ಛಾಪ್’ ಎಂಬ ಅಡ್ಡಹೆಸರು. ಸಣ್ಣದೊಂದು ಹೋಟೆಲು ನಡೆಸುವ ರಾಮಲಾಲನ ಹಿರಿಯ ಮಗ ರತನ್ ಸೈಕಲ್ ಪಂದ್ಯದಲ್ಲಿ ಗೆಲ್ಲಬೇಕೆಂದು ಪಣ ತೊಟ್ಟವನು. ಎದುರಾಳಿಗಳ ಕೈಯಲ್ಲಿ ಸಿಕ್ಕು ಅವನು ಗಾಯಗೊಂಡಾಗ, ಅಲ್ಲಿಯವರೆಗೆ ಪುಂಡಾಟಿಕೆಯಲ್ಲೇ ಕಾಲ ಕಳೆದಿದ್ದ ಕಿರಿಯ ಮಗ ಸಂಜಯ ಅಣ್ಣನ ಸ್ಥಾನದಲ್ಲಿ ನಿಂತು ಗೆಲ್ಲುತ್ತಾನೆ. 1999ರ ತೆಲುಗು ಚಿತ್ರ ‘ತಮ್ಮುಡು’ ಇದೇ ಕಥೆಯನ್ನು ತೆಗೆದುಕೊಂಡು, ಸೈಕಲ್ಲಿನ ಜಾಗದಲ್ಲಿ ಗುದ್ದಾಟದ ಅಖಾಡವನ್ನು ತಂದಿತು. 2001ರಲ್ಲಿ ಪುರಿ ಜಗನ್ನಾಥರು ನಿರ್ದೇಶಿಸಿ ಶಿವರಾಜಕುಮಾರರು ಅಭಿನಯಿಸಿದ ‘ಯುವರಾಜ’ ಅದನ್ನು ಕನ್ನಡಕ್ಕೆ ತಂದಿತು. ಸೈಕಲ್ ತುಳಿಯುವ ಸ್ಪರ್ಧೆ ಗುದ್ದಾಟದ ಸ್ಪರ್ಧೆಯಾಯಿತೆಂಬ ವ್ಯತ್ಯಾಸವನ್ನು ಹೇಳಿ ಈ ಎರಡನ್ನು ಬದಿಗಿಡೋಣ.

ಹಿಂದಿ ಚಿತ್ರಕ್ಕೂ ಹಿರಿಯಣ್ಣನಂತಹ ಚಿತ್ರವೊಂದಿದೆ. ಎರಡರ ಹೋಲಿಕೆಯನ್ನು ವಿಮರ್ಶಕರು ಬಹುಕಾಲದಿಂದ ಗುರುತಿಸುತ್ತ ಬಂದಿದ್ದಾರೆ. ಅದು ಪೀಟರ್ ಯೇಟ್ಸರು 1979ರಲ್ಲಿ ನಿರ್ದೇಶಿಸಿದ ‘ಬ್ರೇಕಿಂಗ್ ಅವೇ’. ಚಿತ್ರಕಥೆ ಬರೆದ ಸ್ಟೀವ್ ಟೆಸಿಚರಿಗೆ ಆಸ್ಕರ್ ಪ್ರಶಸ್ತಿ ಸಂದಿತು. ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್ ಸುಣ್ಣಕಲ್ಲಿನ ಗಣಿಗಳಿಗೆ ಹೆಸರಾದ ಸೀಮೆಯ ಊರು. ಆ ಸೀಮೆಯ ಕಲ್ಲು ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಮೈಮೇಲೂ ಇದೆ. ಆ ಊರಿನಲ್ಲಿಯೇ ದೊಡ್ಡ ವಿಶ್ವವಿದ್ಯಾಲಯವೂ ಇದೆ. ಕಲ್ಲುಕುಟಿಗರ ಮಕ್ಕಳಾದ ನಾಲ್ವರು ಗೆಳೆಯರು ನೀರು ತುಂಬಿದ ಹಳೆಯ ಗಣಿಯಲ್ಲಿ ಈಜುತ್ತ ಕಾಲ ಕಳೆಯುತ್ತಾರೆ. ಹೊರಗಿನಿಂದ ಓದಲು ಬಂದ ಸಿರಿವಂತ ವಿದ್ಯಾರ್ಥಿಗಳು ಅವರನ್ನು ‘ಕಟರ್ಸ್’, ಎಂದರೆ ಕಲ್ಲು ಕೊಯ್ಯುವವರು ಎಂದು ಹೀಯಾಳಿಸುತ್ತಾರೆ. ಹೊಡೆದಾಟವಾಗುತ್ತದೆ. ಅದರ ಫಲವಾಗಿ, ವಿಶ್ವವಿದ್ಯಾಲಯದ ವಾರ್ಷಿಕ ಸೈಕಲ್ ಪಂದ್ಯದಲ್ಲಿ ಊರ ಹುಡುಗರ ತಂಡವೊಂದಕ್ಕೂ ಪ್ರವೇಶ ದೊರೆಯುತ್ತದೆ. ಈ ಪಂದ್ಯ ಕವಿಕಲ್ಪನೆಯಲ್ಲ, 1951ರಿಂದ ಅಲ್ಲಿ ನಡೆದುಬಂದಿರುವಂತಹದು.

ಈ ಚಿತ್ರದ ಹೃದಯ ಪಂದ್ಯದಲ್ಲಿಲ್ಲ. ನಾಯಕ ಡೇವ್‌ನ ತಂದೆ ಒಂದು ಕಾಲದಲ್ಲಿ ಕಲ್ಲು ಕೊಯ್ಯುತ್ತಿದ್ದು, ಈಗ ಹಳೆಯ ಕಾರುಗಳನ್ನು ಮಾರುವವನು. ಒಂದು ರಾತ್ರಿ ಅವನು ಮಗನ ಜೊತೆ ವಿಶ್ವವಿದ್ಯಾಲಯದ ಆವರಣದಲ್ಲಿ ನಡೆಯುತ್ತಾನೆ. ಅಲ್ಲಿನ ಕಟ್ಟಡಗಳಿಗೆ ತಾನೇ ಕಲ್ಲು ಕೊಯ್ದುದನ್ನು, ಆ ಕೆಲಸದಲ್ಲಿ ತನಗಿದ್ದ ಹೆಮ್ಮೆಯನ್ನು ಹೇಳಿಕೊಳ್ಳುತ್ತಾನೆ. ಆಮೇಲೆ ಕಟ್ಟಡ ಎದ್ದು ನಿಂತಾಗ, ಅದು ತಮ್ಮಂಥವರ ಯೋಗ್ಯತೆಗೆ ಮೀರಿದ್ದೆಂದು ಕಲ್ಲು ಕೊಯ್ದವರಿಗೇ ಅನ್ನಿಸಿಬಿಟ್ಟಿತು ಎನ್ನುತ್ತಾನೆ. ಯಾರೂ ಬಾಗಿಲಲ್ಲಿ ತಡೆಯಲಿಲ್ಲ. ಮನಸ್ಸೇ ಹೊಸ್ತಿಲ ಹೊರಗೆ ನಿಂತಿತು. ಹಿಂದಿ ಚಿತ್ರದಲ್ಲಿ ಇದಕ್ಕೆ ಸಮನಾದ ದೃಶ್ಯವನ್ನು ಹುಡುಕಿದರೆ ನಿರಾಶೆಯೇ ಗತಿ. ಅಲ್ಲಿಯ ತಂದೆ ಒಳ್ಳೆಯವನು, ಮಗನಿಗಾಗಿ ತಾಪಪಡುವವನು. ಆದರೆ ಅವನ ದುಡಿಮೆಗೂ ಎದುರಿನ ಕಾಲೇಜಿನ ಗೋಡೆಗೂ ಯಾವ ಸಂಬಂಧವೂ ಇಲ್ಲ. ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, 1979ರ ಚಿತ್ರದಲ್ಲಿ ವೀರವು ಅಂಗವಾಗಿ ಬಂದು ಕರುಣಕ್ಕೆ ಪುಷ್ಟಿ ಕೊಡುತ್ತದೆ; 1992ರದರಲ್ಲಿ ವೀರವೇ ಅಂಗಿಯಾಗಿ, ಕರುಣವು ಅಣ್ಣನ ಆಸ್ಪತ್ರೆಯ ಹಾಸಿಗೆಗಷ್ಟೇ ಸೀಮಿತವಾಗುತ್ತದೆ. (ಹಾಡುಗಳು ಇಂಪಾಗಿವೆ ಎಂಬುದನ್ನು ಅಲ್ಲಗಳೆಯುತ್ತಿಲ್ಲ.)

ಬೈಗುಳದ ವಿಷಯವನ್ನೇ ನೋಡಿ. ‘ಪೈಜಾಮಾ ಛಾಪ್’ ಎಂಬುದು ಉಡುಪಿನ ನಿಂದೆ. ಗೆದ್ದ ಮೇಲೆ ಅದು ತಾನೇ ಉದುರಿಹೋಗುತ್ತದೆ. ‘ಕಟರ್ಸ್’ ಎಂಬುದು ಕಾಯಕದ ನಿಂದೆ. ಆ ನಾಲ್ವರು ಅದನ್ನೇ ಅಂಗಿಯ ಮೇಲೆ ಅಚ್ಚುಹಾಕಿಸಿಕೊಂಡು ಕಣಕ್ಕೆ ಇಳಿಯುತ್ತಾರೆ. ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ ಎಂಬ ಹೆಸರುಗಳನ್ನು ನಿತ್ಯ ಸ್ಮರಿಸುವ ತಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಮ್ಮ ದಾವಣಗೆರೆ, ಹರಿಹರಗಳಿಗೆ ಬರೋಣ. 1930ರ ದಶಕದಿಂದ ಮೊದಲಾಗಿ ಹತ್ತಿ ಗಿರಣಿಗಳು ಎದ್ದು ದಾವಣಗೆರೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿತು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಗಿ ಹರಿಹರ ಲೇಥ್ ಯಂತ್ರಗಳ ಊರಾಯಿತು. ಪಾಳಿಯ ಮೇಲೆ ದುಡಿಯುವ ಗಿರಣಿಯ ಮಂದಿ, ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ಬೇಯುವ ಮಂದಿ, ಮಂಡಿಯಲ್ಲಿ ಮೂಟೆ ಹೊರುವ ಹಮಾಲರು, ಇವರೆಲ್ಲರ ಮಕ್ಕಳು ಊರ ಶಾಲೆಗಳಲ್ಲಿ ಓದಿದರು. ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ಶಾಸನಸಭೆಗೆ ಆರಿಸಿ ಕಳಿಸಿದ ದುಡಿಮೆಗಾರರ ಊರಿದು. ಹಾಗಾದರೆ ಇಲ್ಲಿಯೂ ಊರ ಹುಡುಗರಿಗೂ ವಸತಿಯ ಹುಡುಗರಿಗೂ ಪೈಪೋಟಿ ಇರಲಿಲ್ಲವೇ? ಇತ್ತು, ಆದರೆ ತಲೆಕೆಳಗಾಗಿ ಇತ್ತು. ನಮ್ಮ ಸೀಮೆಯಲ್ಲಿ ಹಾಸ್ಟೆಲ್ ಹುಡುಗನೆಂದರೆ ಬಡವ. ತಗಡಿನ ಟ್ರಂಕು, ಒಂದು ಕಂಬಳಿ, ಎರಡು ಜೊತೆ ಬಟ್ಟೆ ಹಿಡಿದು ಹಳ್ಳಿಯಿಂದ ಬಂದವನು. ಅವನನ್ನು ಕಂಡು ನಗುತ್ತಿದ್ದವರು ಪೇಟೆಯ ಹುಡುಗರು. ಚಿತ್ರದುರ್ಗ ಬೃಹನ್ಮಠದ ಜಯದೇವ ಜಗದ್ಗುರುಗಳು ಹಲವು ಊರುಗಳಲ್ಲಿ ವಿದ್ಯಾರ್ಥಿನಿಲಯಗಳನ್ನು ಸ್ಥಾಪಿಸಿದ್ದು, ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಉಂಡದ್ದು ಇಂತಹ ಮಕ್ಕಳಿಗಾಗಿಯೇ. ಅನ್ನಕ್ಕೂ ವಸತಿಗೂ ಬೆಲೆ ಕೇಳದ ವ್ಯವಸ್ಥೆ ಅದು. ಆದುದರಿಂದಲೇ 1992ರಲ್ಲಿ ಆ ಹಿಂದಿ ಚಿತ್ರವನ್ನು ನೋಡಿದಾಗ, ವಸತಿಶಾಲೆಯೆಂದರೆ ದರ್ಪವೆಂಬ ಅದರ ಕಲ್ಪನೆ ನಮಗೆ ಬೇರೆ ದೇಶದ ಸುದ್ದಿಯಂತೆ ತೋರಿತ್ತು.

ಇಂದು ಅದು ಬೇರೆ ದೇಶದ ಸುದ್ದಿಯಾಗಿ ಉಳಿದಿಲ್ಲ ಎಂಬುದೇ ಈ ಲೇಖನಕ್ಕೆ ಕಾರಣ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕಿರ್ಲೋಸ್ಕರ್ ಕಾರ್ಖಾನೆಯೂ ಈ ಶತಮಾನದ ಆರಂಭದ ಹೊತ್ತಿಗೆ ನಿಂತುಹೋಯಿತು. ವಿದ್ಯೆಯೇ ಊರಿನ ದೊಡ್ಡ ಉದ್ಯಮವಾಯಿತು. ಊರ ಹೊರವಲಯದಲ್ಲಿ ಎತ್ತರದ ಕಾಂಪೌಂಡಿನ ವಸತಿಶಾಲೆಗಳು ಎದ್ದಿವೆ. ಹಾಸ್ಟೆಲ್ ಎಂಬ ಅದೇ ಪದ ಈಗ ಲಕ್ಷಗಟ್ಟಲೆ ಶುಲ್ಕವನ್ನು ಸೂಚಿಸುತ್ತದೆ. ಇವುಗಳಲ್ಲಿ ಕೆಲವು ಮಠಮಾನ್ಯಗಳ ಹೆಸರಿನಲ್ಲಿಯೇ ನಡೆಯುತ್ತಿವೆ ಎಂಬುದನ್ನು ಮರೆಮಾಚಿ ಬರೆಯುವುದು ಪ್ರಾಮಾಣಿಕತೆಯಲ್ಲ. ಆಡಳಿತ ಮಂಡಳಿಗಳಲ್ಲಿ ಕುಳಿತಿರುವ ಹಳೆಯ ವಿದ್ಯಾರ್ಥಿಗಳೇ, ತಾವು ತಗಡಿನ ಟ್ರಂಕು ಹಿಡಿದು ಬಂದ ಬಾಗಿಲಿನಲ್ಲಿ ಇಂದು ಹಮಾಲನ ಮಗ ಬಂದು ನಿಂತರೆ ಕಾವಲುಗಾರನು ಏನು ಕೇಳುತ್ತಾನೆಂಬುದನ್ನು ಒಮ್ಮೆ ಖುದ್ದಾಗಿ ಹೋಗಿ ನೋಡಿ ಬನ್ನಿ. ಶಾಲೆ ನಡೆಸಲು ಹಣ ಬೇಕು, ಶಿಕ್ಷಕರಿಗೆ ಸಂಬಳ ಕೊಡಬೇಕು, ದಾನಿಗಳ ಕೈ ಮೊದಲಿನಂತಿಲ್ಲ ಎಂಬ ಉತ್ತರ ನಮಗೂ ಗೊತ್ತಿದೆ. ಅದು ಪೂರ್ಣ ಸುಳ್ಳೂ ಅಲ್ಲ. ಆದರೆ ಶುಲ್ಕ ತೆರುವವರ ಮಕ್ಕಳೂ ತೆರಲಾಗದವರ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕೂಡುವ ಏರ್ಪಾಡನ್ನು ಮಾಡಬಾರದೆಂದು ಯಾವ ಲೆಕ್ಕಪತ್ರವೂ ಹೇಳುವುದಿಲ್ಲ.

ಸರ್ಕಾರವೂ ಅಂತಹದೊಂದು ಪ್ರಯತ್ನ ಮಾಡಿತ್ತು. 2009ರ ಶಿಕ್ಷಣ ಹಕ್ಕು ಕಾಯಿದೆಯು ಖಾಸಗಿ ಅನುದಾನರಹಿತ ಶಾಲೆಗಳ ಒಂದನೆಯ ತರಗತಿಯಲ್ಲಿ ಶೇಕಡ 25 ಸ್ಥಾನಗಳನ್ನು ನೆರೆಹೊರೆಯ ಬಡ ಮತ್ತು ಹಿಂದುಳಿದ ಮಕ್ಕಳಿಗೆ ಮೀಸಲಿಟ್ಟಿತು. 2019ರಲ್ಲಿ ಕರ್ನಾಟಕ ತನ್ನ ನಿಯಮವನ್ನು ತಿದ್ದಿ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯಲ್ಲಿ ಈ ಸ್ಥಾನಗಳನ್ನು ಕೊಡಬೇಕಾಗಿಲ್ಲವೆಂದಿತು. ಖಾಸಗಿಯವರಿಗೆ ತುಂಬಿಕೊಡುವ ಹಣದಿಂದ ಸರ್ಕಾರಿ ಶಾಲೆಗಳನ್ನೇ ಬಲಪಡಿಸಬಹುದೆಂಬ ವಾದದಲ್ಲಿ ಹುರುಳಿದೆ. ಆದರೂ, ಎರಡು ಬಗೆಯ ಮಕ್ಕಳು ಒಂದೇ ಬೆಂಚಿನಲ್ಲಿ ಕೂಡಬಹುದಾಗಿದ್ದ ಬಾಗಿಲೊಂದು ಹಾಗೆ ಬಹುಮಟ್ಟಿಗೆ ಮುಚ್ಚಿಹೋಯಿತು. ಇನ್ನು ಅವರು ಎದುರುಬದುರಾಗುವುದು ಆಟದ ಮೈದಾನದಲ್ಲಿ, ಎದುರಾಳಿಗಳಾಗಿ ಮಾತ್ರ. ಬ್ಲೂಮಿಂಗ್ಟನ್ನಿನ ಹುಡುಗರಿಗೆ ದೊರೆತದ್ದೂ ಅಷ್ಟೇ ತಾನೆ ಎಂದು ತಾವು ಕೇಳಬಹುದು.

ಅಷ್ಟೇ ಅಲ್ಲವೆಂಬುದು ಚಿತ್ರದ ಕೊನೆಯಲ್ಲಿದೆ. ಹಿಂದಿ ಚಿತ್ರ ವಿಜಯದ ಸಂಭ್ರಮದಲ್ಲಿ ಮುಗಿಯುತ್ತದೆ. ಮಾರನೆಯ ದಿನ ಎರಡು ಕಾಲೇಜುಗಳ ಗೋಡೆಗಳು ಮೊದಲಿನಂತೆಯೇ ನಿಂತಿರುತ್ತವೆ. ‘ಬ್ರೇಕಿಂಗ್ ಅವೇ’ ಪಂದ್ಯ ಮುಗಿದ ಮೇಲೂ ಸ್ವಲ್ಪ ಮುಂದುವರಿಯುತ್ತದೆ. ಡೇವ್ ಆ ವಿಶ್ವವಿದ್ಯಾಲಯಕ್ಕೇ ಓದಲು ಸೇರಿದ್ದಾನೆ. ಫ್ರಾನ್ಸಿನಿಂದ ಬಂದ ವಿದ್ಯಾರ್ಥಿನಿಯೊಬ್ಬಳ ಜೊತೆ ಸೈಕಲ್ಲಿನಲ್ಲಿ ಹೋಗುತ್ತಿರುವಾಗ ತಂದೆ ಎದುರಾಗುತ್ತಾನೆ. ಮಗನ ಸೈಕಲ್ ಹುಚ್ಚನ್ನು ಚಿತ್ರವಿಡೀ ಹಳಿದವನು ಈಗ ತಾನೂ ಸೈಕಲ್ ತುಳಿಯುತ್ತಿದ್ದಾನೆ. ಮಗ ಅವನಿಗೆ ಫ್ರೆಂಚಿನಲ್ಲಿ ನಮಸ್ಕಾರ ಕೂಗುತ್ತಾನೆ. ತಾನು ಕಲ್ಲು ಕೊಯ್ದುಕೊಟ್ಟ ವಿದ್ಯಾಲಯದ ವಿದ್ಯಾರ್ಥಿಯಾದ ಮಗನನ್ನು ತಂದೆ ಬೆಕ್ಕಸಬೆರಗಾಗಿ ತಿರುಗಿ ನೋಡುತ್ತಾನೆ.